ಗುಣವಾಗುವ ಕೆಲಸದಲ್ಲಿ ನಮ್ಮ ಪಾಲು

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಲ್ಲಿ ಕಾಯಿಲೆಯ ಮಾತೇಕೆ ಎಂದು ತಮಗೆ ಅನಿಸಬಹುದು. ಈ ಶಾಲೆ ಕಲಿಸಿದ ಅಕ್ಷರ ನನಗೆ ಅತ್ಯಂತ ಹೆಚ್ಚು ಒದಗಿ ಬಂದದ್ದು ಕಾಯಿಲೆಯ ಕಾಲದಲ್ಲಿಯೇ. ಆದಕಾರಣ ಅದನ್ನೇ ಹೇಳುತ್ತೇನೆ.

ನನಗೆ ಕ್ಷಯರೋಗ ತಗುಲಿತ್ತು. ಆರು ತಿಂಗಳು ಔಷಧ ಸೇವಿಸಬೇಕೆಂದು ವೈದ್ಯರು ತೆಲುಗಿನಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ನಾನು ತಲೆಯಾಡಿಸಿ ಬಂದೆ. ಮಾತ್ರೆ ನುಂಗಿದ ಮೇಲೆ ಮೂತ್ರ ಕೆಂಪಾದುದನ್ನು ಕಂಡು ರಕ್ತವೆಂದು ಹೆದರಿದೆ, ಯಾರನ್ನೂ ಕೇಳಲಿಲ್ಲ. ಎರಡು ತಿಂಗಳಿಗೆ ಕೆಮ್ಮು ನಿಂತು ಹಸಿವು ಮರಳಿತು. ಗುಣವಾಯಿತೆಂದು ಮಾತ್ರೆ ಬಿಟ್ಟು, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋದೆ. ಹಿಂದಿರುಗುವ ಹೊತ್ತಿಗೆ ಕೆಮ್ಮಿದರೆ ನಿಜವಾಗಿಯೂ ರಕ್ತ ಬರುತ್ತಿತ್ತು.

ಆಗ ಇದೇ ಶಾಲೆಯಲ್ಲಿ ಓದುತ್ತಿದ್ದ ಮಗಳು, “ಅಪ್ಪಾ, ಡಾಕ್ಟರು ಏನು ಹೇಳಿದ್ದರು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಅವಳ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಪ್ರಶ್ನೆಗಳನ್ನು ಬರೆದೆವು. ಯಾವ ಮಾತ್ರೆ ಏತಕ್ಕೆ? ಎಷ್ಟು ತಿಂಗಳು? ಒಂದು ದಿನ ತಪ್ಪಿದರೆ ಏನು ಮಾಡಬೇಕು? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಮುಂದಿನ ಕಫ ಪರೀಕ್ಷೆ ಎಂದು?

ವೈದ್ಯರು ಬೇಸರಿಸದೆ ಉತ್ತರಿಸಿದರು. ಮೂತ್ರಕ್ಕೆ ಬಂದ ಕೆಂಪು ರಿಫಾಂಪಿಸಿನ್ ಎಂಬ ಔಷಧದ ಬಣ್ಣ, ಅದಕ್ಕೆ ಅಂಜಬೇಕಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಕೂಡಲೇ ಬರಬೇಕು. ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಕೆಮ್ಮು ನಿಂತ ಮೇಲೂ ಕೆಲವು ರೋಗಾಣುಗಳು ಅಡಗಿರುತ್ತವೆ. ನಡುವೆ ಬಿಟ್ಟರೆ ಅವು ಮತ್ತೆ ಬೆಳೆದು ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಇವೆಲ್ಲವನ್ನೂ ಬರೆದುಕೊಂಡೆವು. ನುಂಗಿದ ಪ್ರತಿದಿನದ ಎದುರು ಮಗಳು ಗುರುತು ಹಾಕಿದಳು. ಈ ಬಾರಿ ನಾನು ಗುಣಮುಖನಾದೆ.

ಇದು ನನ್ನೊಬ್ಬನ ಅನುಭವವಷ್ಟೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. 1953ರವರೆಗೆ ನಮ್ಮ ಆದವಾನಿ ಸೀಮೆ ಮದ್ರಾಸು ರಾಜ್ಯಕ್ಕೆ ಸೇರಿತ್ತು. ಅದೇ ಮದ್ರಾಸು ನಗರದಲ್ಲಿ 1956ರಲ್ಲಿ ಒಂದು ಮಹತ್ವದ ಅಧ್ಯಯನ ಆರಂಭವಾಯಿತು. ಕ್ಷಯರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿ, ಕೆಲವರಿಗೆ ಅವರ ಬಡ ಮನೆಗಳಲ್ಲಿಯೇ ಒಂದು ವರ್ಷ ಒಂದೇ ಬಗೆಯ ಔಷಧಗಳನ್ನು ಕೊಡಲಾಯಿತು. ಆರೋಗ್ಯಧಾಮದಲ್ಲಿ ಊಟ, ವಿಶ್ರಾಂತಿಗಳು ಉತ್ತಮವಾಗಿದ್ದರೂ ಮನೆಯಲ್ಲಿದ್ದವರೂ ಸರಿಸುಮಾರು ಅಷ್ಟೇ ಗುಣವಾದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಚಿಕಿತ್ಸೆ ಮನೆಗೆ ಬಂದಿತೆಂದರೆ ಅದನ್ನು ತಪ್ಪದೆ ನಡೆಸುವ ಹೊಣೆಯೂ ಮನೆಗೆ ಬಂದಿತೆಂದೇ ಅರ್ಥ.

ಆ ಹೊಣೆ ಹೊರುವುದೆಂದರೆ ನಮಗೆ ತೋಚಿದಂತೆ ಔಷಧ ಬದಲಿಸುವುದೆಂದು ಯಾರೂ ತಿಳಿಯಬಾರದು. ಆ ತಪ್ಪನ್ನು ಮಾಡಿ ನಾನು ಕೆಟ್ಟೆ. ಔಷಧವನ್ನು ನಿರ್ಧರಿಸುವವರು ವೈದ್ಯರು. ಅದು ನಮ್ಮ ಕೂಲಿ, ಊಟ, ಪ್ರಯಾಣಗಳ ನಡುವೆ ಹೇಗೆ ಸಾಗಬೇಕೆಂಬುದನ್ನು ಅವರ ಮುಂದಿಟ್ಟು ಗೊತ್ತುಮಾಡಿಕೊಳ್ಳಬೇಕಾದವರು ನಾವು. ಗುಳೆ ಹೋಗುವುದಿದ್ದರೆ ಮೊದಲೇ ತಿಳಿಸಿ. ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಚಿಕಿತ್ಸೆಯಲ್ಲಿರುವವರ ಪೌಷ್ಟಿಕ ಆಹಾರಕ್ಕೆ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು; 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಅದನ್ನು ಕೇಳಿ ಪಡೆಯಿರಿ. ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಮೊಟ್ಟೆ ಇರಲಿ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಹೊರಟರೆ ಒಂದು ನೋಟುಪುಸ್ತಕ ಹಿಡಿದು ಜೊತೆಗೆ ಹೋಗಿ. ಅವರು ಕೇಳಬೇಕೆಂದಿರುವುದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ವೈದ್ಯರು ಹೇಳಿದ್ದನ್ನು ಮನೆಯಲ್ಲಿ ಓದಿ ಹೇಳಿ. ನನ್ನ ಮಗಳು ನನಗೆ ಮಾಡಿದ ಉಪಕಾರ ಇಷ್ಟೇ. ಅವಳಿಗೆ ಅಕ್ಷರ ಕಲಿಸಿದ ಈ ಶಾಲೆಗೆ ತಲೆಬಾಗಿ, ನನ್ನ ಮಾತು ಮುಗಿಸುತ್ತೇನೆ.