ಓದಲು ಯಾವ ಸಾಧನ ಕೊಳ್ಳಬೇಕು?

(ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಈ ಸಂಜೆ ನಾನು ಗೊಬ್ಬರದ ಮಾತನ್ನಾಗಲಿ ಬಿತ್ತನೆಯ ಮಾತನ್ನಾಗಲಿ ಆಡಲು ಬಂದವನಲ್ಲ. ಪುಸ್ತಕ ಓದುವುದಕ್ಕೆಂದು ಒಂದು ಸಣ್ಣ ಸಾಧನವನ್ನು ಕೊಳ್ಳುವ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಟ್ಯಾಬ್ಲೆಟ್ ಎಂದೊಡನೆ ನಮ್ಮ ತಾಯಂದಿರಿಗೆ ಜ್ವರದ ಮಾತ್ರೆ ನೆನಪಾಗುವುದುಂಟು. ನಾನು ಹೇಳುವುದು ಸ್ಲೇಟಿನಂಥ ಟ್ಯಾಬ್ಲೆಟ್ಟನ್ನು. ಟ್ಯಾಬ್ ಎಂದು ಅಂಗಡಿಯವರು ಕರೆಯುವುದು ಇದನ್ನೇ.

ಮೊಬೈಲು ಎಲ್ಲರ ಕೈಯಲ್ಲೂ ಇದೆ, ಮತ್ತೊಂದು ಏತಕ್ಕೆ ಎಂದು ನೀವು ಕೇಳಬಹುದು. ಸುದ್ದಿ ಓದುವುದಕ್ಕೆ, ಪೇಟೆಯ ಧಾರಣೆ ನೋಡುವುದಕ್ಕೆ ಮೊಬೈಲು ಸಾಕು. ಇನ್ನೂರು ಪುಟದ ಪುಸ್ತಕವನ್ನು ಅದರಲ್ಲಿ ಓದಿ ಮುಗಿಸಿದವರು ಎಷ್ಟು ಜನ? ನಲವತ್ತು ದಾಟಿದವರ ಕಣ್ಣು ಅದಕ್ಕೆ ಒಪ್ಪುವುದಿಲ್ಲ. ಆದುದರಿಂದ ಮನೆಯವರೆಲ್ಲ ಸೇರಿ ಓದಬಹುದಾದ ಸ್ವಲ್ಪ ದೊಡ್ಡ ಸಾಧನವೊಂದು ಬೇಕೆನ್ನಿಸುವುದು ಸಹಜ. ಆದರೆ ಅದಕ್ಕೆ ಕೊಡುವ ಹಣ ಸಣ್ಣದಲ್ಲ. ಮೆಣಸಿನಕಾಯಿ ಮಾರಿದ ದುಡ್ಡನ್ನು ತೆತ್ತು ತಂದ ವಸ್ತು ಮೂರು ತಿಂಗಳಲ್ಲಿ ಅಟ್ಟ ಸೇರಿದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ನಾನು ಕೇಳಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ನೀವು ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ಏನು ಮಾಡುತ್ತೀರಿ? ಹಲ್ಲು ನೋಡುತ್ತೀರಿ, ಗೊರಸು ನೋಡುತ್ತೀರಿ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಅದಕ್ಕೂ ಮೊದಲು, ಗಾಡಿಗೆ ಬೇಕೋ ಉಳುಮೆಗೆ ಬೇಕೋ ಎಂಬುದನ್ನು ಮನೆಯಲ್ಲೇ ನಿಶ್ಚಯಿಸಿಕೊಂಡು ಹೋಗಿರುತ್ತೀರಿ. ಅದೇ ರೈತ ಟ್ಯಾಬ್ ಅಂಗಡಿಗೆ ಹೋದಾಗ ಮಾತ್ರ ಅಂಗಡಿಯ ಹುಡುಗ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತಾನೆ. ಕ್ಯಾಮರಾ ಎಷ್ಟು, ಬಣ್ಣ ಯಾವುದು, ಜೊತೆಗೆ ಉಚಿತವಾಗಿ ಏನು ಕೊಡುತ್ತಾರೆ, ಇಷ್ಟೇ ಮಾತು. ನಾನು ಯಾವ ಪುಸ್ತಕ ಓದಬೇಕು, ಆ ಪುಸ್ತಕ ಯಾವ ರೂಪದಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಅದು.

ಇ-ಪುಸ್ತಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಅಚ್ಚಾದ ಪುಟ ಹೇಗಿದೆಯೋ ಹಾಗೆಯೇ ಇರುವುದು, ಇದನ್ನು ಪಿ.ಡಿ.ಎಫ್. ಎನ್ನುತ್ತಾರೆ. ಹಳೆಯ ಪುಸ್ತಕಗಳ ಪಿ.ಡಿ.ಎಫ್. ಎಂದರೆ ಒಂದೊಂದು ಪುಟದ ಫೋಟೋ ತೆಗೆದು ಕಟ್ಟಿಟ್ಟ ಹಾಗೆ. ಎರಡನೆಯದು, ಅಕ್ಷರಗಳು ಹರಿಯುವಂಥದು. ಇದಕ್ಕೆ ಇ-ಪಬ್ ಎಂದು ಹೆಸರು. ಕಾಲುವೆಯ ನೀರು ಮಡಿಯ ಆಕಾರಕ್ಕೆ ತಕ್ಕಂತೆ ಹರಡಿಕೊಳ್ಳುವಂತೆ ಇದರ ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ತಾವೇ ಮಡಿಸಿಕೊಳ್ಳುತ್ತವೆ. ಅಕ್ಷರವನ್ನು ಹುರುಳಿಕಾಳಿನಷ್ಟು ಮಾಡಿದರೂ ಅವರೆಕಾಳಿನಷ್ಟು ಮಾಡಿದರೂ ಸಾಲು ಪರದೆಯಿಂದ ಆಚೆಗೆ ಹೋಗುವುದಿಲ್ಲ. ಪಿ.ಡಿ.ಎಫ್. ಹಾಗಲ್ಲ. ಅದರಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟವೇ ದೊಡ್ಡದಾಗಿ, ಅರ್ಧ ಸಾಲು ಹೊರಗೆ ಉಳಿಯುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೂ ಬಲಕ್ಕೂ ಎಳೆಯುತ್ತಿರಬೇಕು.

ನಾನು ಮೋಸಹೋದದ್ದು ಇಲ್ಲಿಯೇ. ನಮ್ಮ ತಂದೆಯವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರ ಓದುವುದು ಕಷ್ಟವಾಯಿತು. ರಾತ್ರಿ ಊಟವಾದ ಮೇಲೆ ಭಾರತ ಓದುವುದು ಅವರ ಬಹುಕಾಲದ ರೂಢಿ. ಟ್ಯಾಬಿನಲ್ಲಿ ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ, ಏಳು ಅಂಗುಲದ ಒಂದನ್ನು ತಂದು, ಹಳೆಯ ಪುಸ್ತಕದ ಪಿ.ಡಿ.ಎಫ್. ಹಾಕಿಕೊಟ್ಟೆ. ಅವರು ಎರಡು ರಾತ್ರಿ ಪ್ರಯತ್ನಪಟ್ಟರು. ಪದ್ಯದ ಅರ್ಧ ಸಾಲು ಕಂಡರೆ ಉಳಿದರ್ಧ ಕಾಣದು. ಮೂರನೆಯ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕದಲ್ಲಿಟ್ಟು, "ಇದು ಎಳೆಯರಿಗೆ ಸರಿ, ನನಗೆ ಬೇಡಪ್ಪಾ" ಎಂದರು. ತಪ್ಪು ಟ್ಯಾಬಿನದಲ್ಲ, ನಾನು ಹಾಕಿಕೊಟ್ಟ ಪುಸ್ತಕದ ರೂಪದ್ದು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಕನ್ನಡ ವಿಕಿಸೋರ್ಸ್ ಎಂಬ ತಾಣದಲ್ಲಿ ಕುಮಾರವ್ಯಾಸ ಭಾರತ ಹರಿಯುವ ಅಕ್ಷರಗಳಲ್ಲಿಯೇ ಇದೆ. ಅದನ್ನು ತೆರೆದು ಅಕ್ಷರ ದೊಡ್ಡದು ಮಾಡಿಕೊಟ್ಟ ಮೇಲೆ ಅದೇ ಟ್ಯಾಬಿನಲ್ಲಿ ಅವರು ಓದತೊಡಗಿದರು. ಮನೆಯಲ್ಲಿ ವಯಸ್ಸಾದವರಿಗಾಗಿ ಕೊಳ್ಳುವವರು ಇದೊಂದನ್ನು ಮರೆಯದಿರಬೇಕೆಂದೇ ಮನೆಯ ಮಾತನ್ನು ಇಲ್ಲಿ ಆಡಿದೆ.

ಇನ್ನು ಅಳತೆ. ಏಳು ಅಂಗುಲ, ಎಂಟು ಅಂಗುಲ ಎಂದು ಅಂಗಡಿಯಲ್ಲಿ ಹೇಳುವುದು ಮೂಲೆಯಿಂದ ಮೂಲೆಗೆ ಅಳೆದದ್ದು. ಹೊಲವನ್ನು ಯಾರೂ ಹಾಗೆ ಅಳೆದು ಕೊಳ್ಳುವುದಿಲ್ಲ. ಉದ್ದನೆಯ ಆಕಾರದ ಏಳು ಅಂಗುಲದ ಪರದೆ ಸುಮಾರು 6.1 ಅಂಗುಲ ಉದ್ದ, 3.4 ಅಂಗುಲ ಅಗಲ; ಪುಸ್ತಕದಂತೆ ಚೌಕವಾಗಿರುವ ಎಂಟು ಅಂಗುಲದ್ದಾದರೆ 6.4 ಅಂಗುಲ ಉದ್ದ, 4.8 ಅಂಗುಲ ಅಗಲ. ಹೆಸರಿಗೆ ಒಂದೇ ಅಂಗುಲದ ವ್ಯತ್ಯಾಸ, ವಿಸ್ತೀರ್ಣದಲ್ಲಿ ಹತ್ತಿರಹತ್ತಿರ ಒಂದೂವರೆ ಪಾಲು. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ ಅಷ್ಟದಳದ ಅಳತೆಯಲ್ಲಿ, ಎಂದರೆ ಸುಮಾರು ಎಂಟೂವರೆಗೆ ಐದೂವರೆ ಅಂಗುಲದ ಪುಟದಲ್ಲಿ ಅಚ್ಚಾಗುತ್ತವೆ. ಸುತ್ತಲಿನ ಬಿಳಿಯ ಅಂಚನ್ನು ಕಳೆದರೆ ಅಕ್ಷರವಿರುವ ಭಾಗ ನಾಲ್ಕು, ನಾಲ್ಕೂಕಾಲು ಅಂಗುಲ ಅಗಲ. ಚೌಕನೆಯ ಎಂಟು ಅಂಗುಲದ ಪರದೆಯಲ್ಲಿ ಅದು ಅಚ್ಚಿನಲ್ಲಿದ್ದಷ್ಟೇ ದೊಡ್ಡದಾಗಿ ಕಾಣುತ್ತದೆ. ಉದ್ದನೆಯ ಏಳು ಅಂಗುಲದ್ದರಲ್ಲಿ ಕುಗ್ಗುತ್ತದೆ.

ಕೃಷಿ ವಿಶ್ವವಿದ್ಯಾಲಯದವರ ಬೇಸಾಯ ಕ್ರಮಗಳ ಕೈಪಿಡಿ, ಇಲಾಖೆಯ ಸುತ್ತೋಲೆ, ಇಂಥವು ದೊಡ್ಡ ಪುಟದವು. ಕಚೇರಿಯ ಎ-4 ಹಾಳೆ ಮೂಲೆಯಿಂದ ಮೂಲೆಗೆ ಹದಿನಾಲ್ಕು ಅಂಗುಲಕ್ಕೂ ಹೆಚ್ಚು. ಅದನ್ನು ಸಣ್ಣ ಟ್ಯಾಬಿನಲ್ಲಿ ನಿಲ್ಲಿಸಿ ಓದುವುದು ಆಗದ ಕೆಲಸ. ಆದರೆ ಟ್ಯಾಬನ್ನು ಅಡ್ಡ ಹಿಡಿದರೆ ಅಗಲ ಆರು ಅಂಗುಲ ದಾಟುತ್ತದೆ. ಪುಟದ ಅರ್ಧ, ಅರ್ಧವಾಗಿ ಮೇಲಿನಿಂದ ಕೆಳಕ್ಕೆ ಓದಬಹುದು. ಇಂಥ ಕಾಗದಗಳೇ ನಿಮ್ಮ ಮುಖ್ಯ ಓದಾದರೆ ಹತ್ತು ಅಂಗುಲದ್ದನ್ನು ಕೊಳ್ಳಿ. ಕಥೆ, ಕಾದಂಬರಿ, ಪದ್ಯ ಓದುವವರಿಗೆ ಎಂಟು ಅಂಗುಲ ಸಾಕು, ಕೈಗೂ ಹಗುರ. ಅಂಗಡಿಗೆ ಹೋಗುವಾಗ ಮಗನ ಅಳತೆಪಟ್ಟಿಯನ್ನೂ ಮನೆಯ ಒಂದು ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಅಂಗಡಿಯವನು ನಕ್ಕರೆ ನಗಲಿ.

ಓದುವುದಕ್ಕೆಂದೇ ಮಾಡಿದ ಮತ್ತೊಂದು ಬಗೆಯ ಸಾಧನವಿದೆ. ಇದರ ಪರದೆಯಲ್ಲಿ ಇ-ಇಂಕ್ ಎಂಬ ಮಸಿಯ ಕಣಗಳು ನಿಂತು ಅಕ್ಷರ ಮೂಡಿಸುತ್ತವೆ. ಪುಟ ಮಗುಚುವಾಗ ಮಾತ್ರ ವಿದ್ಯುತ್ತು ಬೇಕಾಗುವುದರಿಂದ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಒಳಗೆ ದೀಪವಿದ್ದರೆ ಅದು ತಿನ್ನುವುದು ಬೇರೆ. ಬಿಸಿಲಿನಲ್ಲಿ ಕಾಗದದಂತೆಯೇ ಕಾಣುತ್ತದೆ. ಹೊಲದ ಬದುವಿನ ಮೇಲೆ ಕುಳಿತು ಓದುವವನಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಸಾಮಾನ್ಯ ಟ್ಯಾಬಿನ ಪರದೆ ಬಿಸಿಲಿನಲ್ಲಿ ಕನ್ನಡಿಯಾಗಿ ನಮ್ಮ ಮುಖವನ್ನೇ ತೋರಿಸುತ್ತದೆ, ದಿನಕ್ಕೊಮ್ಮೆ ಚಾರ್ಜನ್ನೂ ಬೇಡುತ್ತದೆ. ಕರೆಂಟು ಸರಿಯಾಗಿ ಬಾರದ ಊರಿನವರು ಇದನ್ನು ಗಮನಿಸಬೇಕು.

ಹಾಗಾದರೆ ಎಲ್ಲರೂ ಇ-ಇಂಕನ್ನೇ ಕೊಳ್ಳಬಹುದಲ್ಲ? ಎರಡು ತೊಡಕುಗಳಿವೆ. ಇವುಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪು. ಭತ್ತದ ಗರಿಯ ಮೇಲಿನ ಬೆಂಕಿರೋಗದ ಚುಕ್ಕೆ ಯಾವ ಬಣ್ಣ ಎಂಬುದು ಅದರಲ್ಲಿ ತಿಳಿಯದು. ಎರಡನೆಯದು ಇನ್ನೂ ದೊಡ್ಡದು: ಕನ್ನಡ. ಕಿಂಡಲ್ ಎಂಬ ಹೆಸರಾದ ಓದುಗ ಸಾಧನ 2007ರಲ್ಲಿ ಬಂತು. ಅದರ ಪುಸ್ತಕದಂಗಡಿಯಲ್ಲಿ 2016ರ ಡಿಸೆಂಬರಿನಲ್ಲಿ ಭಾರತದ ಐದು ಭಾಷೆಗಳ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಹೊಸ ಪುಸ್ತಕಗಳನ್ನು ಮಾರುವ ಮೈಲ್ಯಾಂಗಿನಂಥ ವ್ಯವಸ್ಥೆಗಳು ಅವುಗಳದೇ ಆ್ಯಪಿನೊಳಗೆ ಓದಿಸುತ್ತವೆ. ಆ್ಯಪನ್ನು ಹಾಕಿಕೊಳ್ಳಲು ಬಿಡದ ಸಾಧನದಲ್ಲಿ ಅವು ತೆರೆಯುವುದಿಲ್ಲ. ಆದುದರಿಂದ ಕನ್ನಡವನ್ನೇ ಓದುವ ಮನೆಗೆ ಆಂಡ್ರಾಯ್ಡ್ ಟ್ಯಾಬೇ ಸದ್ಯಕ್ಕೆ ಸರಿ ಎಂದು ನನ್ನ ಅಭಿಪ್ರಾಯ. ಇ-ಇಂಕ್ ಪರದೆಯೂ ಇದ್ದು ಆಂಡ್ರಾಯ್ಡ್ ಆ್ಯಪುಗಳನ್ನೂ ನಡೆಸುವ ಸಾಧನಗಳುಂಟು, ಬೆಲೆ ಹೆಚ್ಚು.

ಆಂಡ್ರಾಯ್ಡ್ ಆದರೂ ಹಳೆಯದಾಗಿರಬಾರದು. 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ ನಿಮಗೆ ನೆನಪಿರಬಹುದು. ಏಳು ಅಂಗುಲದ್ದು, ಅಗ್ಗದ್ದು, ಉದ್ದೇಶ ಒಳ್ಳೆಯದು. ಅದರಲ್ಲಿದ್ದುದು ಆಂಡ್ರಾಯ್ಡ್ 2.2. ಕನ್ನಡ ಅಕ್ಷರ ಮೂಡಿಸುವ ವ್ಯವಸ್ಥೆ ಆಂಡ್ರಾಯ್ಡಿಗೆ ಬಂದದ್ದು 2012ರ 4.1ರಿಂದ. ಅದಕ್ಕೆ ಹಿಂದಿನವುಗಳಲ್ಲಿ ಕನ್ನಡದ ಜಾಗದಲ್ಲಿ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಈಗಿನವುಗಳಲ್ಲಿ ಆ ತೊಂದರೆ ಇಲ್ಲವಾದರೂ ಓದಿಸುವ ಆ್ಯಪು ಒತ್ತಕ್ಷರವನ್ನು ಕೆಡಿಸಬಹುದು. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿಟ್ಟು ಮೊಳಕೆ ಎಣಿಸುತ್ತೀರಲ್ಲ, ಹಾಗೆಯೇ ಅಂಗಡಿಯಲ್ಲಿ ಈ ಐದು ಮಾತುಗಳನ್ನು ತೆರೆದು ನೋಡಿ: ರಾಷ್ಟ್ರ, ಸ್ತ್ರೀ, ಜ್ಞಾನ, ವರ್ಷ, ಕೃಷಿ. ಒತ್ತು ಕೆಳಗೆ ಕೂಡದೆ ಪಕ್ಕಕ್ಕೆ ಸರಿದು ನಿಂತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಾಗದ ಮಾತ್ರ ಯಾವ ಟ್ಯಾಬಿನಲ್ಲಿಯೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣಬಹುದು. ಅದಕ್ಕೆ ಟ್ಯಾಬನ್ನು ದೂರಬೇಡಿ. ಕಳಿಸಿದವರಿಂದ ಯೂನಿಕೋಡ್ ಅಕ್ಷರದಲ್ಲೋ ಪಿ.ಡಿ.ಎಫ್. ಆಗಿಯೋ ಕೇಳಿ ಪಡೆಯಿರಿ.

ನೆಟ್‌ಬುಕ್ ಎಂಬ ಪುಟ್ಟ ಕಂಪ್ಯೂಟರಿನ ಬಗ್ಗೆಯೂ ಕೆಲವರು ಕೇಳಿದ್ದಾರೆ. ಏಸುಸ್ ಕಂಪನಿಯ ಈ-ಪಿಸಿ 2007ರಲ್ಲಿ ಬಂದಾಗ ಇವು ಹೆಸರಾದವು; 2013ರ ವೇಳೆಗೆ ತಯಾರಿಕೆ ನಿಂತುಹೋಯಿತು. ಈಗ ಸಿಗುವುದು ಬಳಸಿದ್ದು ಮಾತ್ರ. ಪರದೆ ಅಗಲ, ಎತ್ತರ ಗಿಡ್ಡ. ಪುಸ್ತಕದ ಪುಟ ಅರ್ಧವೂ ಕಾಣುವುದಿಲ್ಲ. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿ ಮತ್ತು 7ಕ್ಕೆ ತಯಾರಕರ ಆಸರೆ 2014ರಲ್ಲಿಯೂ 2020ರಲ್ಲಿಯೂ ಮುಗಿದಿದೆ. ಓದುವುದಕ್ಕೆ ಬೇಡ. ಹಾಲಿನ ಸಂಘದ ಲೆಕ್ಕ ಬರೆಯುವವರಿಗೆ ಕೀಲಿಮಣೆ ಬೇಕಾದರೆ ಟ್ಯಾಬಿಗೇ ಒಂದನ್ನು ಜೋಡಿಸಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪುಟದ ಫೋಟೋಗಳಿರುವ ಪುಸ್ತಕವೊಂದು ನಲವತ್ತು ಎಂ.ಬಿ. ಎಂದಿಟ್ಟುಕೊಂಡರೂ ಹತ್ತು ಜಿ.ಬಿ. ಖಾಲಿ ಜಾಗದಲ್ಲಿ ಇನ್ನೂರೈವತ್ತು ಪುಸ್ತಕ ಹಿಡಿಸುತ್ತವೆ. ಜಾಗಕ್ಕಾಗಿ ಹೆಚ್ಚು ಹಣ ಕೊಡಬೇಡಿ, ಮೆಮೊರಿ ಕಾರ್ಡಿನ ಕಿಂಡಿ ಇದ್ದರೆ ಸಾಕು. ಸಿಮ್ ಹಾಕುವ ಟ್ಯಾಬೂ ಬೇಕಿಲ್ಲ. ಮನೆಯ ಮೊಬೈಲಿನಿಂದ ಇಂಟರ್ನೆಟ್ ಹಂಚಿಕೊಂಡು ಪುಸ್ತಕ ಇಳಿಸಿಟ್ಟುಕೊಂಡರೆ ಆಮೇಲೆ ಸಂಪರ್ಕವಿಲ್ಲದೆಯೂ ಓದಬಹುದು. ಬಳಸಿದ್ದನ್ನು ಕೊಳ್ಳುವವರು, ಮಾರುವವನ ಎದುರಿನಲ್ಲಿಯೇ ಅವನ ಗೂಗಲ್ ಖಾತೆಯನ್ನು ತೆಗೆಸಿ ನಿಮ್ಮದನ್ನು ಹಾಕಿಸಿಕೊಳ್ಳಿ. ಇಲ್ಲವಾದರೆ ಒಂದು ದಿನ ಅದು ಹಳೆಯ ಯಜಮಾನನ ಗುಪ್ತಪದ ಕೇಳಿ ಬಾಗಿಲು ಹಾಕಿಕೊಂಡೀತು. ಚಾರ್ಜರಿನ ಮೇಲೆ ಬಿ.ಐ.ಎಸ್. ಗುರುತು ಇದೆಯೇ ನೋಡಿ. ರಸೀದಿ ಪಡೆಯಿರಿ.

ಪುಸ್ತಕ ಎಲ್ಲಿಂದ? ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರು 2020ರಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿದರು. ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳ ಪಿ.ಡಿ.ಎಫ್. ರಾಶಿಯೇ ಇದೆ. ಅಲ್ಲಿ ಯಂತ್ರವೇ ಅಕ್ಷರ ಗುರುತಿಸಿ ಮಾಡಿಟ್ಟ ಇ-ಪಬ್ ಕೂಡ ಕಾಣುತ್ತದೆ. ಕನ್ನಡದ ಮಟ್ಟಿಗೆ ಅದು ತಪ್ಪಿನ ಮೂಟೆ, ಮುಟ್ಟಬೇಡಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ನಮ್ಮ ದೇಶದಲ್ಲಿ ಅವರು ಪ್ರಕಟಿಸಿದ ಕೃತಿ ಎಲ್ಲರ ಸ್ವತ್ತು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಪುಸ್ತಕಗಳನ್ನು ಸಂಕೋಚವಿಲ್ಲದೆ ಇಳಿಸಿಕೊಳ್ಳಿ. ಬದುಕಿರುವ ಲೇಖಕರದನ್ನು ಕಳ್ಳದಾರಿಯಲ್ಲಿ ಯಾರಾದರೂ ಕಳಿಸಿದರೆ ಬೇಡವೆನ್ನಿ. ಬೆಳೆ ಬೆಳೆದವನಿಗೆ ಬೆಲೆ ಸಿಗಬೇಕೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಕೊಳ್ಳುವ ಮೊದಲು ಅರಿವು ಕೇಂದ್ರದಲ್ಲಿ ನೀವು ಓದಬೇಕೆಂದಿರುವ ಪುಸ್ತಕವನ್ನು ಇಳಿಸಿ, ಅದು ಯಾವ ರೂಪದಲ್ಲಿದೆ ಎಂದು ನೋಡಿಕೊಳ್ಳಿ. ನಾನು ಈ ಚೀಲದಲ್ಲಿ ಏಳು ಅಂಗುಲದ್ದೊಂದು, ಎಂಟು ಅಂಗುಲದ್ದೊಂದು, ಇ-ಇಂಕಿನದೊಂದು ತಂದಿದ್ದೇನೆ. ಇನ್ನೂ ಅರ್ಧ ಗಂಟೆ ಬಿಸಿಲಿದೆ. ಅಂಗಳಕ್ಕೆ ಹೋಗೋಣ; ಕನ್ನಡಕ ತಂದವರೂ ತಾರದವರೂ ಒಬ್ಬೊಬ್ಬರಾಗಿ ಕೈಗೆ ತೆಗೆದುಕೊಂಡು ಒಂದೊಂದು ಪುಟ ಓದಿ ನೋಡಿ.