ಮುಖ ಮುಚ್ಚಿರಲಿ, ಬಾಗಿಲು ತೆರೆಯಲಿ

ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ವಾಟ್ಸಾಪ್ ಗುಂಪಿಗೆ ಸಂದೇಶ ಬಂತು: ಒಬ್ಬ ಹುಡುಗಿಗೆ ಅನ್ಯಾಯವಾಗಿದೆ, ಎಲ್ಲರಿಗೂ ಕಳಿಸಿ ಎಂದು. ಹೆಸರಿರಲಿಲ್ಲ. ತಂದೆಯ ಊರು, ಕೆಲಸ, ಇರುವ ಬಡಾವಣೆ ಮಾತ್ರ ಇತ್ತು. ನಾವಿರುವುದೇ ಬೆರಳೆಣಿಕೆಯ ಮನೆಗಳು. ಅರ್ಧ ಗಂಟೆಯಲ್ಲಿ ಯಾರ ಮಗಳೆಂದು ಎಲ್ಲರಿಗೂ ತಿಳಿಯಿತು. ಒಳ್ಳೆಯ ಉದ್ದೇಶದಿಂದಲೇ ನಾನೂ ಇಬ್ಬರಿಗೆ ಕಳಿಸಿದ್ದೆ. ಆ ಕುಟುಂಬ ಮತ್ತೆ ನಮ್ಮ ಯುಗಾದಿಗೆ ಬರಲಿಲ್ಲ.

ಆಮೇಲೆ ಮಲೇಷ್ಯಾದ 2001ರ ಮಕ್ಕಳ ಕಾಯ್ದೆಯನ್ನು ಓದಿದೆ. 18 ವರ್ಷದೊಳಗಿನವರ ವಿಚಾರಣೆ ನಡೆಯುವ ಮಕ್ಕಳ ನ್ಯಾಯಾಲಯಕ್ಕೆ 12ನೇ ಸೆಕ್ಷನ್ ಪ್ರಕಾರ ಮಗು, ಪೋಷಕರು, ವಕೀಲರು, ಸಾಕ್ಷಿಗಳು ಮತ್ತು ನ್ಯಾಯಾಲಯ ಒಪ್ಪಿದ ಜವಾಬ್ದಾರಿಯುತರಿಗಷ್ಟೇ ಪ್ರವೇಶ. 15ನೇ ಸೆಕ್ಷನ್ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಸಿಗುವ ಯಾವ ವಿವರವನ್ನೂ ಮಾಧ್ಯಮಗಳು ಪ್ರಕಟಿಸಬಾರದು ಎನ್ನುತ್ತದೆ. ಆರೋಪ ಹೊತ್ತ ಮಗುವಿಗೂ ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಗುವಿಗೂ ಈ ರಕ್ಷಣೆ ಇದೆ. ತಪ್ಪಿದರೆ 10,000 ರಿಂಗಿಟ್‌ವರೆಗೆ ದಂಡ, 5 ವರ್ಷದವರೆಗೆ ಜೈಲು, ಅಥವಾ ಎರಡೂ.

ಬಾಗಿಲು ಮುಚ್ಚಿದರೆ ಒಳಗೆ ನ್ಯಾಯ ನಡೆಯುತ್ತಿದೆಯೋ ಇಲ್ಲವೋ ನೋಡುವವರು ಯಾರು? ಪತ್ರಕರ್ತರ ಈ ಪ್ರಶ್ನೆ ಸರಿಯಾದದ್ದೇ. ಇಂಗ್ಲೆಂಡಿನ 1933ರ ಕಾನೂನು ಪತ್ರಕರ್ತರನ್ನು ಇಂಥ ನ್ಯಾಯಾಲಯದೊಳಗೆ ಬಿಡುತ್ತದೆ. ಮಗುವಿನ ಗುರುತನ್ನು ಮಾತ್ರ ಸಾಮಾನ್ಯವಾಗಿ ಬರೆಯಗೊಡುವುದಿಲ್ಲ. ನನಗೆ ಇದೇ ಒಪ್ಪಿಗೆ. ವಿಚಾರಣೆ ಎಷ್ಟು ತಡವಾಯಿತು, ಮಗುವನ್ನು ಹೇಗೆ ಪ್ರಶ್ನಿಸಿದರು ಎಂದು ಬರೆಯಲು ಮಗುವಿನ ಹೆಸರೇಕೆ ಬೇಕು?

ನಮ್ಮ ದೇಶದಲ್ಲೂ ಈ ಪಾಠ ಕಷ್ಟದಿಂದಲೇ ಬಂತು. 2018ರಲ್ಲಿ ಕಠುವಾದ ಬಾಲಕಿಯ ಗುರುತು ಬಯಲು ಮಾಡಿದ ಮಾಧ್ಯಮ ಸಂಸ್ಥೆಗಳಿಗೆ ದಿಲ್ಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸತ್ತವರಿಗೂ ಮರ್ಯಾದೆ ಇದೆ, ತೀರಿಹೋದ ಸಂತ್ರಸ್ತೆಯ ಹೆಸರನ್ನೂ ಹಾಗೆಲ್ಲ ಬಹಿರಂಗಪಡಿಸುವಂತಿಲ್ಲ ಎಂದಿತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪತ್ರಿಕೆ, ಟಿವಿಗಳ ಜೊತೆಗೆ ಇತರ ಸಂವಹನ ರೂಪಗಳನ್ನೂ ಸೇರಿಸಿದೆ. ಊರಿನ ಗುಂಪಿಗೆ ಫಾರ್ವರ್ಡ್ ಮಾಡುವ ಮುನ್ನ ಇದು ನೆನಪಿರಲಿ.

ಹಾಗೆಂದು ಸುಮ್ಮನಿರಿ ಎನ್ನುತ್ತಿಲ್ಲ. ಪೊಲೀಸರಿಗೆ ತಿಳಿಸಿ, ಅಥವಾ 15999ಕ್ಕೆ, ಅಂದರೆ ತಾಲಿಯನ್ ಕಾಸಿಹ್ ಸಹಾಯವಾಣಿಗೆ, ಕರೆ ಮಾಡಿ. ಗುಂಪಿಗೆ ಬರೆಯಬೇಡಿ. ಆ ಮನೆಯವರನ್ನು ಮುಂದಿನ ಹಬ್ಬಕ್ಕೆ ಕರೆಯಿರಿ. ಬಂದಾಗ ಏನನ್ನೂ ಕೇಳದೆ ಊಟಕ್ಕೆ ಕೂರಿಸಿ. ನಾನು ಆಗ ಮಾಡದೆ ಬಿಟ್ಟದ್ದು ಅದನ್ನೇ.