ಶಾಲು ಸಾಕು, ಚೆಂಡು ಕೊಡಿ

(ಸಂಘದ ವಾರ್ಷಿಕ ಆಟೋಟಗಳ ಸಿದ್ಧತೆಗಾಗಿ ಮುಂಬಯಿಯಲ್ಲಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ನನ್ನನ್ನು ನೀವೆಲ್ಲ ಬಲ್ಲಿರಿ. ಏಳನೆಯ ಇಯತ್ತೆ ಮುಗಿಸಿ ಈ ಊರಿಗೆ ಬಂದವನು ನಾನು. ಮೊದಲು ಕಪ್ಪು ಬಸಿ ತೊಳೆದೆ, ಆಮೇಲೆ ಮೇಜು ಒರಸಿದೆ, ಆಮೇಲೆ ಸಪ್ಲಾಯರ್ ಆದೆ. ಈಗ ಸಂಘದ ಕೆಲಸ ಮಾಡುತ್ತಿದ್ದೇನೆ. ಭಾಷಣ ಕಲಿತವನಲ್ಲ. ಮಾತಿನಲ್ಲಿ ತಪ್ಪಿದ್ದರೆ ಮನ್ನಿಸಬೇಕು. ಆದರೆ ಇವತ್ತು ಹೇಳುವ ಸಂಗತಿಯಲ್ಲಿ ನನ್ನ ತಪ್ಪೇ ಮೊದಲಿನದು. ಅದನ್ನು ನಿಮ್ಮೆದುರು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ನಮ್ಮ ವಾಲಿಬಾಲ್ ತಂಡದಲ್ಲಿ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ, ಹಳಬರಿಗೆ ಗೊತ್ತು. ಕುಂದಾಪುರದ ಕಡೆಯವನು. ಬಲೆಯ ಹತ್ತಿರ ಅವನು ಹಾರಿದನೆಂದರೆ ಎದುರಿನವರು ಹಿಂದೆ ಸರಿಯುತ್ತಿದ್ದರು. ಹಗಲೆಲ್ಲ ತಟ್ಟೆ ಹೊತ್ತು ರಾತ್ರಿ ಹನ್ನೊಂದರ ಮೇಲೆ ಕದ ಹಾಕಿ ಮನೆಗೆ ಹೊರಡುವ ಜೀವನ. ಒಂದು ಮಳೆಗಾಲದ ರಾತ್ರಿ ಕೊನೆಯ ಲೋಕಲ್ ಹಿಡಿಯಲು ಓಡಿದ. ಫಲಾಟು ಒದ್ದೆಯಾಗಿತ್ತು, ಕಾಲು ಜಾರಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅವನ ಧಣಿ, ಗಿರಾಕಿಗಳ ಮುಂದೆ ಕುಂಟುವವನು ಬೇಡವೆಂದು ಒಳಗೆ ಈರುಳ್ಳಿ ಸುಲಿಯಲು ಕೂರಿಸಿದರು. ನಾವು ಧಣಿಯನ್ನು ಬೈದೆವು. ಸರಿ. ನಾವು ಮಾಡಿದ್ದೇನು? ಆ ವರ್ಷದ ಆಟೋಟದ ದಿನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೈಗೆ ಲೆಕ್ಕದ ಪುಸ್ತಕ ಕೊಟ್ಟೆವು. ಸಂಜೆ ವೇದಿಕೆಗೆ ಕರೆದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಡದ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದವನು ನಾನೇ. ಅವನನ್ನು ಒಂದು ಮಾತು ಕೇಳಲೂ ಇಲ್ಲ. ಕೇಳುವುದೇನಿದೆ, ಕಾಲಿಲ್ಲವಲ್ಲ ಎಂದುಕೊಂಡೆ.

ರಾತ್ರಿ ಚಾಳಿನ ಮೆಟ್ಟಿಲಲ್ಲಿ ಅವನು ಹೇಳಿದ: "ಅಣ್ಣ, ಶಾಲು ಹೊದಿಸಿದಿರಿ, ದೊಡ್ಡದು. ಚೆಂಡು ಮಾತ್ರ ಯಾರೂ ನನ್ನ ಕಡೆ ಹಾಕಲಿಲ್ಲ."

ಬಂಧುಗಳೇ, ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ಧಣಿ ಅವನನ್ನು ಒಳಗೆ ಕೂರಿಸಿದರು, ನಾವು ಹೊರಗೆ ಕೂರಿಸಿದೆವು. ಕೂರಿಸುವ ಕೆಲಸ ಇಬ್ಬರದೂ ಒಂದೇ ಆಯಿತು.

ಕೂತು ಆಡುವ ವಾಲಿಬಾಲ್ ಎಂಬ ಆಟವಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಹಾಲೆಂಡ್ ದೇಶದಲ್ಲಿ ೧೯೫೬ರ ಸುಮಾರಿಗೆ ಶುರುವಾದ ಆಟ ಅದು. ೧೯೮೦ರಿಂದ ಪ್ಯಾರಾಲಿಂಪಿಕ್ಸಿನಲ್ಲಿ, ಅಂದರೆ ಅಂಗವಿಕಲರ ಒಲಿಂಪಿಕ್ಸಿನಲ್ಲಿ, ಅದಕ್ಕೆ ಪದಕವಿದೆ. ಅಂಕಣ ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ. ಗಂಡಸರ ಆಟಕ್ಕೆ ಬಲೆಯ ಎತ್ತರ ಒಂದು ಮೀಟರ್ ಹದಿನೈದು ಸೆಂಟಿಮೀಟರ್. ಹೆಂಗಸರದಕ್ಕೆ ಹತ್ತು ಸೆಂಟಿಮೀಟರ್ ಕಡಿಮೆ. ಒಂದೊಂದು ಕಡೆ ಆರು ಜನ. ಚೆಂಡು ಹೊಡೆಯುವಾಗ ಕುಂಡೆ ನೆಲ ಬಿಡಬಾರದು. ಎದುರಿನವರ ಸರ್ವಿಸನ್ನೇ ಬಲೆಯ ಹತ್ತಿರ ತಡೆಯಬಹುದು. ಉಳಿದದ್ದೆಲ್ಲ ನಾವು ಆಡುವ ವಾಲಿಬಾಲೇ.

ಇದನ್ನು ತಿಳಿದ ಮೇಲೆ ಒಂದು ರಜೆಯ ಮಧ್ಯಾಹ್ನ ನಾವು ಏಳೆಂಟು ಜನ ಚಾಳಿನ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ ತಗ್ಗಿಸಿ ಕಟ್ಟಿ ನೆಲದ ಮೇಲೆ ಕೂತೆವು. ಅವನು ತನ್ನ ಜೈಪುರ ಕಾಲು ಕಳಚಿ ಗೋಡೆಗೆ ಒರಗಿಸಿ ಬಂದು ಕೂತ. ನಾವು ಕೈಯೂರಿ ತೆವಳುವುದರೊಳಗೆ ಚೆಂಡು ನೆಲಕ್ಕೆ ಬಿದ್ದಾಗಿರುತ್ತಿತ್ತು. ನಮಗೆ ಎರಡು ಕಾಲೂ ಅಡ್ಡಿ. ಅವನು ಮಾತ್ರ ಕೈಮೇಲೆ ಸರಸರ ಸರಿದು ಹೊಡೆಯುತ್ತಿದ್ದ. ಎರಡು ಆಟ ಸೋತೆವು. ಮಾರಾಯ್ರೆ, ಅವನು ನಮಗೆ ಬೈದ ಬೈಗುಳ ಕೇಳಬೇಕಿತ್ತು! ಕಾಲು ಹೋದ ಮೇಲೆ ಅವನು ಹಾಗೆ ಬೈದದ್ದನ್ನು ನಾನು ಕೇಳಿಯೇ ಇರಲಿಲ್ಲ. ನಾವೂ ತಿರುಗಿ ಬೈದೆವು. ಅಂದು ಅವನು ಮತ್ತೆ ನಮ್ಮ ತಂಡದವನಾದ.

ಅಂಗವಿಕಲರ ಆಟ ಎಂದರೆ ದೊಡ್ಡ ಡಾಕ್ಟರುಗಳು, ಸಾಹುಕಾರರು ಮಾಡುವ ಧರ್ಮಕಾರ್ಯ ಎಂದು ತಿಳಿಯಬೇಡಿ. ಕುರುಡರ ಕ್ರಿಕೆಟ್ಟನ್ನು ಹುಟ್ಟಿಸಿದವರು ಯಾರು ಗೊತ್ತೇ? ಇಬ್ಬರು ಕಾರ್ಖಾನೆ ಕೆಲಸಗಾರರು. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ೧೯೨೨ರಲ್ಲಿ ಇಬ್ಬರು ಕುರುಡು ಕೂಲಿಗಳು ಒಂದು ತಗಡಿನ ಡಬ್ಬಿಗೆ ಕಲ್ಲು ತುಂಬಿ, ಅದರ ಸದ್ದು ಕೇಳಿ ಆಡತೊಡಗಿದರು. ಇಂದು ಆ ಡಬ್ಬಿಯ ಜಾಗದಲ್ಲಿ ಒಳಗೆ ಗುಂಡು ಗಲಗಲಿಸುವ ಪ್ಲಾಸ್ಟಿಕ್ ಚೆಂಡು ಬಂದಿದೆ. ಬೌಲರ್ ಕೈ ಕೆಳಗಿಟ್ಟು ಚೆಂಡನ್ನು ನೆಲದಲ್ಲಿ ಉರುಳಿಸುತ್ತಾನೆ. ಹನ್ನೊಂದು ಜನರಲ್ಲಿ ಕಡೇಪಕ್ಷ ನಾಲ್ವರು ಪೂರ್ತಿ ಕುರುಡರಿರಬೇಕು; ಅವರು ಹೊಡೆದ ರನ್ನು ಎರಡರಷ್ಟು ಎಣಿಕೆಯಾಗುತ್ತದೆ. ಕಾಣದವನನ್ನು ತಂಡದಿಂದ ಬಿಡಿಸಲು ಆಗದಂತೆ ಕಾಯಿದೆಯನ್ನೇ ಹಾಗೆ ಹೆಣೆದಿದ್ದಾರೆ.

ಆ ಆಟದ ಮೊದಲ ಟಿ-೨೦ ವಿಶ್ವಕಪ್ ೨೦೧೨ರಲ್ಲಿ ಬೆಂಗಳೂರಿನಲ್ಲಿ ನಡೆದಾಗ ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕ. ಕುರುಡು ಹೆಣ್ಣುಮಕ್ಕಳ ಮೊದಲ ಟಿ-೨೦ ವಿಶ್ವಕಪ್ ೨೦೨೫ರಲ್ಲಿ ಕೊಲಂಬೊದಲ್ಲಿ ಮುಗಿಯಿತು. ಅದನ್ನೂ ಭಾರತವೇ ಗೆದ್ದಿತು. ನಾಯಕಿ ನಮ್ಮ ಕರ್ನಾಟಕದ ದೀಪಿಕಾ.

ಹೋಟೇಲಿನವರಾದ ನಮಗೆ ಇನ್ನೂ ಹತ್ತಿರದ ಒಂದು ಹೆಸರಿದೆ. ಮಾಲತಿ ಹೊಳ್ಳ. ಉಡುಪಿ ಕಡೆಯ ಕೋಟದವರು. ತಂದೆ ಸಣ್ಣ ಹೋಟೇಲು ನಡೆಸುತ್ತಿದ್ದವರು. ವರ್ಷ ತುಂಬಿದ ಸ್ವಲ್ಪದರಲ್ಲೇ ಜ್ವರ ಬಂದು ಮಗುವಿನ ಮೈ ಬಿದ್ದುಹೋಯಿತು. ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು, ಕೆಳಗೆ ಬರಲಿಲ್ಲ. ಬಾಲ್ಯದ ಬಹುಪಾಲು ಚೆನ್ನೈಯ ಚಿಕಿತ್ಸಾ ಕೇಂದ್ರದಲ್ಲಿ ಕಳೆಯಿತು. ಮೈಮೇಲೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಆ ಹೆಣ್ಣುಮಗಳು ಬ್ಯಾಂಕಿನಲ್ಲಿ ದುಡಿಯುತ್ತ ಗಾಲಿಕುರ್ಚಿಯ ಓಟ, ಗುಂಡು ಎಸೆತ, ಭರ್ಜಿ ಎಸೆತಗಳಲ್ಲಿ ದೇಶಕ್ಕಾಗಿ ಆಡಿದರು. ೧೯೮೮ರಲ್ಲಿ ಸಿಯೋಲ್ ಪ್ಯಾರಾಲಿಂಪಿಕ್ಸಿಗೆ ಹೋದರು. ೧೯೯೫ರಲ್ಲಿ ಅರ್ಜುನ ಪ್ರಶಸ್ತಿ, ೨೦೦೧ರಲ್ಲಿ ಪದ್ಮಶ್ರೀ ಬಂತು. ತಮ್ಮಂಥ ಮಕ್ಕಳನ್ನು ಸಾಕಲು ಮಾತೃ ಎಂಬ ಸಂಸ್ಥೆಯನ್ನೂ ಕಟ್ಟಿದರು.

ಈ ರಾಜ್ಯದವರೇ ಆದ ಮುರಳಿಕಾಂತ ಪೇಟ್ಕರ್ ಅವರನ್ನೂ ನೆನೆಯಬೇಕು. ಸಾಂಗ್ಲಿ ಕಡೆಯವರು. ಸೈನ್ಯದಲ್ಲಿದ್ದಾಗ ಬಾಕ್ಸಿಂಗ್ ಪಟು. ೧೯೬೫ರ ಯುದ್ಧದಲ್ಲಿ ಗುಂಡೇಟು ತಿಂದು ಅಂಗವಿಕಲರಾದರು. ಮೈ ಸುಧಾರಿಸಲೆಂದು ನೀರಿಗಿಳಿದವರು ಈಜುಗಾರರೇ ಆಗಿಬಿಟ್ಟರು. ೧೯೭೨ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಐವತ್ತು ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಆಮೇಲೆ ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ದುಡಿದರು. ಪದ್ಮಶ್ರೀ ಬಂದದ್ದು ೨೦೧೮ರಲ್ಲಿ. ನಡುವೆ ೪೬ ವರ್ಷ! ದೇಶ ಅಷ್ಟು ತಡಮಾಡಿತು. ನಮ್ಮ ಸಂಘ ಎಷ್ಟು ತಡಮಾಡಬೇಕು ಎಂಬುದನ್ನು ಈ ಸಭೆ ತೀರ್ಮಾನಿಸಬೇಕು.

ಕಾಲ ಬದಲಾಗುತ್ತಿದೆ. ೨೦೧೨ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದದ್ದು ಒಂದೇ ಪದಕ. ಹಾಸನ ಜಿಲ್ಲೆಯ ಗಿರೀಶ ಕಾಲಿನ ಊನದೊಡನೆ ಒಂದು ಮೀಟರ್ ಎಪ್ಪತ್ತನಾಲ್ಕು ಸೆಂಟಿಮೀಟರ್ ಎತ್ತರ ಹಾರಿ ತಂದ ಬೆಳ್ಳಿ ಅದು. ೨೦೨೧ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ೧೯ ಪದಕ. ೨೦೨೪ರ ಪ್ಯಾರಿಸ್ಸಿನಲ್ಲಿ ೨೯. ಹನ್ನೆರಡು ವರ್ಷದಲ್ಲಿ ಒಂದು ಇಪ್ಪತ್ತೊಂಬತ್ತಾಯಿತು. ಹುಡುಗರು ಹೊಸದಾಗಿ ಹುಟ್ಟಿಬಂದರೆ? ಅಲ್ಲ, ಮೊದಲೂ ಇದ್ದರು. ಕುರ್ಚಿಯಲ್ಲಿ ಕೂರಿಸಿದ್ದೆವು, ಅಷ್ಟೆ.

ಇನ್ನು ಅವಕಾಶಗಳ ಮಾತು. ಅಂಗವಿಕಲರ ಹಕ್ಕುಗಳ ೨೦೧೬ರ ಕಾಯಿದೆ ಇಪ್ಪತ್ತೊಂದು ಬಗೆಯ ಊನಗಳನ್ನು ಗುರುತಿಸುತ್ತದೆ. ಅದರ ಮೂವತ್ತನೆಯ ಕಲಮು ಆಟದ ವಿಷಯವನ್ನೇ ಹೇಳುತ್ತದೆ. ಅಂಗವಿಕಲರು ಆಟಗಳಲ್ಲಿ ಭಾಗವಹಿಸುವಂತೆ ಸರಕಾರ ಏರ್ಪಾಡು ಮಾಡಬೇಕು, ಕ್ರೀಡಾ ಅಧಿಕಾರಿಗಳು ಅದನ್ನು ಅವರ ಹಕ್ಕೆಂದು ಮನ್ನಿಸಬೇಕು. ಹಕ್ಕು ಎಂಬ ಮಾತನ್ನು ಗಮನಿಸಿ. ಬೋನಸ್ಸಿಗೂ ರಜೆಗೂ ಹೋರಾಡಿದ ನಮಗೆ ಹಕ್ಕಿಗೂ ಭಿಕ್ಷೆಗೂ ಇರುವ ಅಂತರ ಯಾರೂ ಕಲಿಸಬೇಕಿಲ್ಲ.

ಮೊದಲ ಹೆಜ್ಜೆ ಗುರುತಿನ ಚೀಟಿ. ಯುಡಿಐಡಿ ಎಂಬ ಈ ಚೀಟಿ ಇಡೀ ದೇಶಕ್ಕೆ ಒಂದೇ. ಊರಲ್ಲಿ ಮಾಡಿಸಿದರೂ ಇಲ್ಲಿ ನಡೆಯುತ್ತದೆ. ಹೆಚ್ಚಿನ ಸವಲತ್ತುಗಳಿಗೆ ನೂರಕ್ಕೆ ನಲವತ್ತು ಊನವಿದೆಯೆಂಬ ಸರ್ಟಿಫಿಕೇಟು ಬೇಕು. ಆದರೆ ದೊಡ್ಡ ಕೂಟಗಳಲ್ಲಿ ಆಡಲು ಅದೊಂದೇ ಸಾಲದು. ಅಲ್ಲಿ ಪರೀಕ್ಷಕರು ಬೇರೆಯಾಗಿ ನೋಡಿ, ಯಾರು ಯಾರ ಜೊತೆ ಸ್ಪರ್ಧಿಸಬೇಕೆಂದು ವರ್ಗ ಮಾಡುತ್ತಾರೆ. ಒಂದು ಕೈ ಇಲ್ಲದವನನ್ನು ಎರಡು ಕಾಲಿಲ್ಲದವನ ಜೊತೆ ಓಡಿಸಬಾರದಲ್ಲ! ೨೦೨೩ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಖೇಲೋ ಇಂಡಿಯಾ ಪ್ಯಾರಾ ಕ್ರೀಡಾಕೂಟ ಮೊದಲ ಬಾರಿಗೆ ನಡೆಯಿತು. ೨೦೨೫ರ ಮಾರ್ಚಿನಲ್ಲಿ ಎರಡನೆಯದು. ಬಾಗಿಲು ತೆರೆದಿದೆ. ಆದರೆ ಬಾಗಿಲವರೆಗೆ ಹುಡುಗನನ್ನು ಕರೆದೊಯ್ಯುವವರು ಯಾರು? ಹನ್ನೆರಡು ಗಂಟೆ ಹೋಟೇಲಿನಲ್ಲಿ ನಿಲ್ಲುವವನಿಗೆ ಅರ್ಜಿಯ ಕಾಗದ ಬರೆಯಲು ಎಲ್ಲಿಯ ಪುರುಸೊತ್ತು? ಆ ಕೆಲಸ ಸಂಘದ್ದು.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಎಂಬ ಹುಡುಗಿಗೆ ಕಣ್ಣು ಕಾಣದು. ಅಜ್ಜಿ ಸಾಕಿದ ಮಗು. ೨೦೨೩ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಸಾವಿರದೈನೂರು ಮೀಟರ್ ಓಟದ ಚಿನ್ನ ಗೆದ್ದಳು. ಅವಳ ಪಕ್ಕದಲ್ಲಿ ಕಣ್ಣಿರುವ ಜೊತೆ ಓಟಗಾರನೊಬ್ಬ ಓಡುತ್ತಾನೆ. ಇಬ್ಬರ ಕೈಗೂ ಒಂದು ಗೇಣುದ್ದದ ದಾರ. ಅವನು ಎಳೆಯಬಾರದು, ದೂಡಬಾರದು, ಗುರಿಯನ್ನು ಅವಳಿಗಿಂತ ಮೊದಲು ದಾಟಬಾರದು. ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡಬೇಕು. ಸಂಘವೆಂಬುದು ಹೇಗಿರಬೇಕೆಂದು ನನ್ನನ್ನು ಕೇಳಿದರೆ ಆ ದಾರವನ್ನು ತೋರಿಸುತ್ತೇನೆ.

ನಮ್ಮ ಕಮಿಟಿಯಲ್ಲಿ ಬಂದ ಆಕ್ಷೇಪಣೆಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ. ಒಬ್ಬರು, ದುಡ್ಡೆಲ್ಲಿ ಎಂದರು. ಓಟದ ಗಾಲಿಕುರ್ಚಿಗೆ ದುಡ್ಡು ಬೇಕು, ನಿಜ. ಬಲೆ ತಗ್ಗಿಸಿ ಕಟ್ಟಲು ದುಡ್ಡು ಬೇಡ. ಇನ್ನೊಬ್ಬರು, ಜನ ನಗುತ್ತಾರೆ ಎಂದರು. ಮೊದಲ ಹತ್ತು ನಿಮಿಷ ನಕ್ಕಾರು. ಎರಡು ಕಾಲಿದ್ದ ನಾವು ಸೋಲುವುದನ್ನು ನೋಡಿ ನಕ್ಕಾರು. ಮೂರನೆಯವರು, ಅವರಿಗೇ ಬೇರೆ ಒಂದು ದಿನ ಇಡೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಬೇರೆ ಎಲೆ ಹಾಕಿ ಬಡಿಸಿದ ಊಟ ಎಷ್ಟು ರುಚಿಯಾಗಿದ್ದರೂ ಪಂಕ್ತಿಯ ಊಟವಾಗುವುದಿಲ್ಲ.

ಆದ್ದರಿಂದ ನನ್ನ ಅರಿಕೆ ಮೂರು. ಒಂದು: ಈ ವರ್ಷದ ಆಟೋಟದಲ್ಲಿ ಕೂತು ಆಡುವ ವಾಲಿಬಾಲ್ ಇರಬೇಕು; ಪ್ಯಾರಾಲಿಂಪಿಕ್ಸಿನಲ್ಲಿ ಅದು ಅಂಗವಿಕಲರಿಗೆ ಮಾತ್ರ, ಇಲ್ಲಿ ಎಲ್ಲರೂ ಬೆರೆತು ಆಡೋಣ, ಬಹುಮಾನ ಬೇರೆ ಆಟಗಳಷ್ಟೇ ಇರಲಿ. ಎರಡು: ಪ್ರತಿ ಆಟದಲ್ಲೂ ಸೀಟಿಯ ಜೊತೆ ಬಾವುಟವಿರಲಿ. ಗಿರಣಿಯ ಸಾಂಚೆಗಳ ಸದ್ದಿನಲ್ಲಿ ಕಿವಿ ಕಳೆದುಕೊಂಡ ಹಿರಿಯರು ನಮ್ಮಲ್ಲಿದ್ದಾರೆ. ಗಿರಣಿಗಳು ಮುಚ್ಚಿದವು, ಕಿವಿ ಮರಳಿ ಬರಲಿಲ್ಲ. ಕೇರಂ ಆಡುವ ಅವರಿಗೂ, ಹುಟ್ಟು ಕಿವುಡರಾದ ನಮ್ಮ ಮಕ್ಕಳಿಗೂ ಬಾವುಟ ಕಾಣುತ್ತದೆ. ಮೂರು: ಚೀಟಿ ಮಾಡಿಸಲು, ಅರ್ಜಿ ಬರೆಯಲು, ತರಬೇತಿಯ ಮೈದಾನಕ್ಕೆ ಜೊತೆ ಹೋಗಲು ಇಬ್ಬರನ್ನು ಈ ಸಭೆ ನೇಮಿಸಬೇಕು. ಒಬ್ಬನಾಗಿ ನನ್ನ ಹೆಸರು ಬರೆದುಕೊಳ್ಳಿ.

ಕೆಲಸದಲ್ಲಿ, ದಾರಿಯಲ್ಲಿ, ರೈಲಿನಲ್ಲಿ ನಾಳೆ ಯಾರ ಕೈ, ಯಾರ ಕಾಲು ಎಂದು ಬಲ್ಲವರಿಲ್ಲ. ಹೆದರಿಸಲು ಹೇಳುತ್ತಿಲ್ಲ, ರುಬ್ಬುವ ಯಂತ್ರದ ಮುಂದೆ ನಿಲ್ಲುವ ನಿಮಗೆ ನಾನು ಹೇಳಬೇಕೆ? ಅಂಥ ದಿನ ಬಂದರೆ ತಂಡದ ಪಟ್ಟಿಯಲ್ಲಿ ಹೆಸರು ಉಳಿದೀತು ಎಂಬ ಭರವಸೆ ಇಲ್ಲಿ ಕೂತ ಪ್ರತಿಯೊಬ್ಬನಿಗೂ ಇರಬೇಕು.

ಆ ಹುಡುಗ ಇವತ್ತು ಸಭೆಯಲ್ಲಿದ್ದಾನೆ, ಹಿಂದಿನ ಸಾಲಿನಲ್ಲಿ. ತಮ್ಮಾ, ಹೊಡೆದುಹಾಕಿದ ನಿನ್ನ ಹೆಸರನ್ನು ನನ್ನ ಕೈಯಾರೆ ಮತ್ತೆ ಬರೆದಿದ್ದೇನೆ. ಈ ಸಲ ಚೆಂಡು ನಿನ್ನ ಕಡೆಗೇ. ತಪ್ಪಿಸಿಕೊಂಡರೆ ಬೈಯುವವರು ನಾವಿದ್ದೇವೆ.